ಸಾಂಕ್ರಾಮಿಕದ ನಡುವೆ ತಲೆಯೊಳಗಿನ ಗಡ್ಡೆ

ಮಿದುಳಿನಲ್ಲಿ ಗಡ್ಡೆ ಇದೆ ಎಂದು ಗೊತ್ತಾದ ಮೇಲೆ ಮನೆಯವರು ಕೇಳುವ ಮೊದಲ ಪ್ರಶ್ನೆ, "ಇದು ಕ್ಯಾನ್ಸರಾ?" ಎರಡನೆಯದು, "ಆಪರೇಷನ್ ಯಾವತ್ತು?" ಮೊದಲನೆಯದಕ್ಕೆ ಡಾಕ್ಟರು ತಕ್ಷಣ ಉತ್ತರ ಕೊಡುವುದಿಲ್ಲ. ಗಡ್ಡೆಯ ಚೂರು ಲ್ಯಾಬಿಗೆ ಹೋಗಿ ಬರುವವರೆಗೆ ಖಚಿತವಾಗಿ ಹೇಳಲು ಅವರಿಗೂ ಆಗುವುದಿಲ್ಲ. ಎರಡನೆಯದಕ್ಕೆ ಮಾತ್ರ ಉತ್ತರ ಸಿಗುತ್ತದೆ. ಒಂದು ತಾರೀಖು. ಆ ತಾರೀಖನ್ನೇ ಹಿಡಿದುಕೊಂಡು ಮನೆಯವರು ದಿನ ದೂಡುತ್ತಾರೆ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಈಗ ಜಾಗತಿಕ ಸಾಂಕ್ರಾಮಿಕ ಎಂದಿತು. ಅದಾದ ಕೆಲವೇ ವಾರಗಳಲ್ಲಿ ಎಷ್ಟೋ ಮನೆಗಳ ಕೈಯಿಂದ ಆ ತಾರೀಖು ಜಾರಿಹೋಯಿತು. ನಮ್ಮ ಮನೆಯಲ್ಲೂ ಹಾಗೇ ಆಯಿತು. ಭಾವನ ಮಿದುಳಿನ ಎಡಭಾಗದಲ್ಲಿ, ಮಾತಿನ ಕೆಲಸ ನಡೆಯುವ ಜಾಗದ ಪಕ್ಕದಲ್ಲೇ ಗಡ್ಡೆ ಇತ್ತು. ಶುರುವಿನಲ್ಲಿ ವಸ್ತುಗಳ ಹೆಸರು ನೆನಪಿಗೆ ಬರುತ್ತಿರಲಿಲ್ಲ. "ಅದು ಕೊಡು, ಅದೇ, ಅದು" ಎನ್ನುತ್ತಿದ್ದರು. ವಯಸ್ಸಾಯಿತು ಎಂದು ನಾವು ನಗುತ್ತಿದ್ದೆವು. ಆಮೇಲೆ ಒಂದು ದಿನ ಫಿಟ್ಸ್ ಬಂತು, ಸ್ಕ್ಯಾನ್ ಆಯಿತು, ಆಪರೇಷನ್‌ಗೆ ದಿನ ಗೊತ್ತಾಯಿತು. ಅಷ್ಟರಲ್ಲಿ ಆಸ್ಪತ್ರೆಯ ಐಸಿಯು ಪೂರ್ತಿ ಕೋವಿಡ್‌ಗೆ ಹೋಯಿತು. "ಸ್ವಲ್ಪ ಕಾಯಬಹುದು, ನಾವೇ ಫೋನ್ ಮಾಡುತ್ತೇವೆ" ಎಂದರು.

ಆಗ ತುಂಬಾ ಕೋಪ ಬಂದಿತ್ತು. ಆಮೇಲೆ ಓದುತ್ತಾ ಹೋದ ಹಾಗೆ ಕೋಪ ಇಳಿಯಿತು. ಪೂರ್ತಿ ಹೋಗಲಿಲ್ಲ. ಉಳಿದ ಕೋಪ ಯಾವುದರ ಮೇಲೆ ಎಂಬುದನ್ನು ಹೇಳುವುದಕ್ಕೇ ಈ ಬರಹ.

ಮೊದಲು ಆಸ್ಪತ್ರೆಗಳ ಕಡೆಯ ಮಾತು. ಮಿದುಳಿನ ಆಪರೇಷನ್ ಆದ ಮೇಲೆ ರೋಗಿಯನ್ನು ಐಸಿಯುನಲ್ಲಿ ಇಟ್ಟು ನೋಡಬೇಕು. ಎಚ್ಚರ ಆಗುವುದು ತಡವಾದರೆ ವೆಂಟಿಲೇಟರ್ ಬೇಕು. ರಕ್ತ ಬೇಕು. ಗಂಟೆಗಟ್ಟಲೆ ಅರಿವಳಿಕೆ ಕೊಟ್ಟು ಕಾಯುವ ಡಾಕ್ಟರ್ ಬೇಕು. ಸಾಂಕ್ರಾಮಿಕ ಕಸಿದುಕೊಂಡದ್ದೂ ಇವನ್ನೇ. ಉಸಿರಾಟದ ಕೊಳವೆ ಹಾಕುವುದರಲ್ಲಿ ಪಳಗಿದ ಅರಿವಳಿಕೆ ಡಾಕ್ಟರುಗಳು ಕೋವಿಡ್ ವಾರ್ಡಿಗೆ ಹೋದರು. ರಕ್ತದಾನ ಶಿಬಿರಗಳು ನಿಂತವು. ಹೀಗೆ ನಿಂತುಹೋದದ್ದು ಎಷ್ಟು ಎಂದು ಕೋವಿಡ್‌ಸರ್ಜ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಗುಂಪು 2020ರ ಮೇ ತಿಂಗಳಲ್ಲಿ ಅಂದಾಜು ಮಾಡಿತು. ಕೋವಿಡ್ ಹಾವಳಿ ಜೋರಾಗಿರುವ 12 ವಾರಗಳಲ್ಲಿ ಜಗತ್ತಿನಾದ್ಯಂತ ಸುಮಾರು 2 ಕೋಟಿ 84 ಲಕ್ಷ ಆಪರೇಷನ್‌ಗಳು ರದ್ದಾಗುತ್ತವೆ ಅಥವಾ ಮುಂದೆ ಹೋಗುತ್ತವೆ ಎಂಬುದು ಆ ಲೆಕ್ಕ. ಅದರಲ್ಲಿ ಸುಮಾರು 23 ಲಕ್ಷ ಕ್ಯಾನ್ಸರ್ ಆಪರೇಷನ್‌ಗಳು.

ಹಾಸಿಗೆ ಇಲ್ಲ ಎಂಬುದೊಂದೇ ಕಾರಣ ಆಗಿರಲಿಲ್ಲ. ಆಪರೇಷನ್ ಮಾಡುವುದೇ ಅಪಾಯ ಆಗಿತ್ತು. ಅದೇ ಗುಂಪು, ಅದೇ ತಿಂಗಳು, ಇನ್ನೊಂದು ವರದಿ ಪ್ರಕಟಿಸಿತು. ಆಪರೇಷನ್‌ಗೆ ಸ್ವಲ್ಪ ಮೊದಲು ಅಥವಾ ಆದ ಮೇಲೆ ಕೋವಿಡ್ ಇರುವುದು ಗೊತ್ತಾದ 1128 ಜನರ ಮಾಹಿತಿ ಅದರಲ್ಲಿತ್ತು. 24 ದೇಶಗಳ 235 ಆಸ್ಪತ್ರೆಗಳಿಂದ ಕಲೆಹಾಕಿದ್ದು. ಎಲ್ಲ ಬಗೆಯ ಆಪರೇಷನ್‌ಗಳೂ ಸೇರಿದ್ದವು. 30 ದಿನಗಳೊಳಗೆ ಅವರಲ್ಲಿ 23.8 ಶೇಕಡಾ ಜನ ತೀರಿಕೊಂಡಿದ್ದರು. ಅಂದರೆ ಸುಮಾರು ನಾಲ್ಕರಲ್ಲಿ ಒಬ್ಬರು. ಅರ್ಧದಷ್ಟು ಜನರಿಗೆ ಶ್ವಾಸಕೋಶದ ತೊಂದರೆ ಆಗಿತ್ತು. ಈ ಅಂಕಿ ಕೈಯಲ್ಲಿದ್ದಾಗ ಯಾವ ಡಾಕ್ಟರ್ ತಾನೇ "ನಾಳೆಯೇ ಬನ್ನಿ" ಅನ್ನುತ್ತಾರೆ? ಕಾಯಿಸಿದ್ದು ಉದಾಸೀನದಿಂದಲ್ಲ. ಇಷ್ಟನ್ನು ನಾನು ಒಪ್ಪುತ್ತೇನೆ.

ಹಾಗಾದರೆ ಯಾರು ಕಾಯಬಹುದು, ಯಾರು ಕಾಯುವ ಹಾಗಿಲ್ಲ? ಇಲ್ಲಿಂದ ಕಷ್ಟ ಶುರು.

ತಲೆಬುರುಡೆ ಪೂರ್ತಿ ತುಂಬಿ ಮುಚ್ಚಳ ಬಿಗಿದ ಡಬ್ಬಿ ಇದ್ದ ಹಾಗೆ. ಒಳಗಿರುವುದು ಮೂರೇ: ಮಿದುಳು, ರಕ್ತ, ಮತ್ತು ಮಿದುಳಿನ ಸುತ್ತ ಹರಿಯುವ ನೀರಿನಂಥ ದ್ರವ. ದೊಡ್ಡವರಲ್ಲಿ ಈ ದ್ರವ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿ ಲೀಟರ್. ಆದರೆ ದಿನಕ್ಕೆ ಸುಮಾರು 500 ಮಿಲಿ ಲೀಟರ್ ಹೊಸದಾಗಿ ತಯಾರಾಗುತ್ತದೆ. ಹಳೆಯದು ಹರಿದು ಹೋಗುತ್ತಲೇ ಇರಬೇಕು. ಗಡ್ಡೆ ಎಂಬ ನಾಲ್ಕನೆಯದು ಬಂದು ಕೂತರೆ ಉಳಿದ ಮೂರರಲ್ಲಿ ಒಂದು ಜಾಗ ಬಿಡಬೇಕು. ಸ್ವಲ್ಪ ದಿನ ಬಿಡುತ್ತವೆ. ಆಮೇಲೆ ಬಿಡಲು ಏನೂ ಉಳಿಯುವುದಿಲ್ಲ, ಒತ್ತಡ ಒಮ್ಮೆಗೇ ಏರುತ್ತದೆ. ನಿನ್ನೆಯವರೆಗೆ ಓಡಾಡಿಕೊಂಡಿದ್ದವರು ಇವತ್ತು ಎಚ್ಚರ ತಪ್ಪುವುದು ಹೀಗೆ. ಗಡ್ಡೆ ದ್ರವದ ದಾರಿಗೇ ಅಡ್ಡ ಕೂತರಂತೂ ಗಂಟೆಗಳ ಲೆಕ್ಕ.

ಇಂಥವರನ್ನು ಸಾಂಕ್ರಾಮಿಕದಲ್ಲೂ ಯಾರೂ ಕಾಯಿಸುವಂತಿರಲಿಲ್ಲ. ಹಾಗೇ ಇನ್ನೊಂದು ತುದಿಯಲ್ಲಿ ಇರುವವರ ವಿಷಯದಲ್ಲೂ ಗೊಂದಲ ಕಡಿಮೆ. ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮ ಎಂಬ ಗಡ್ಡೆ ಬಹಳ ಸಲ ನಿಧಾನವಾಗಿ ಬೆಳೆಯುತ್ತದೆ. ಚಿಕ್ಕದಾಗಿದ್ದು ತೊಂದರೆ ಕೊಡದಿದ್ದರೆ ಸಾಂಕ್ರಾಮಿಕ ಇಲ್ಲದಾಗಲೂ ಆಪರೇಷನ್ ಮಾಡದೆ ವರ್ಷಗಟ್ಟಲೆ ಸ್ಕ್ಯಾನ್ ಮಾಡಿ ನೋಡುವುದುಂಟು. ಕಷ್ಟ ಇದ್ದದ್ದು ನಡುವಿನವರದು. 2020ರ ಮಾರ್ಚ್, ಏಪ್ರಿಲ್ ಹೊತ್ತಿಗೇ ಶಸ್ತ್ರವೈದ್ಯರ ಸಂಘಗಳು ಇದಕ್ಕೊಂದು ಸಾಲು ಮಾಡಿಕೊಟ್ಟವು. ತಕ್ಷಣ ಮಾಡಬೇಕಾದವರು, ಕೆಲವು ವಾರ ತಡೆಯುವವರು, ತಿಂಗಳುಗಟ್ಟಲೆ ತಡೆಯುವವರು. ಸಾಲು ಬೇಕೇ ಬೇಕಿತ್ತು. ಇಲ್ಲದಿದ್ದರೆ ಪ್ರಭಾವ ಇದ್ದವರು ಮುಂದೆ ಬರುತ್ತಿದ್ದರು.

ಆದರೆ ಈ ಸಾಲಿನ ಅಳತೆಗೋಲು ಮುಖ್ಯವಾಗಿ ಜೀವ. ತಡವಾದರೆ ಸಾಯುತ್ತಾರಾ, ಇಲ್ಲವಾ? ಮಿದುಳಿನ ಗಡ್ಡೆ ಸಾಯಿಸುವ ಮೊದಲು ಬೇರೆ ಬೇರೆ ಶಕ್ತಿಗಳನ್ನು ಒಂದೊಂದಾಗಿ ತೆಗೆದುಕೊಂಡು ಹೋಗುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯನ್ನೇ ನೋಡಿ. ಬಹುತೇಕ ಕ್ಯಾನ್ಸರ್ ಅಲ್ಲ, ಜೀವಕ್ಕೆ ತಕ್ಷಣದ ಭಯ ಇಲ್ಲ. ಆದರೆ ಅದರ ಮೇಲುಗಡೆಯೇ ಎರಡೂ ಕಣ್ಣಿನ ನರಗಳು ಸೇರುವ ಜಾಗ ಇದೆ. ಗಡ್ಡೆ ಮೇಲೆದ್ದು ಒತ್ತಿದರೆ ಎರಡೂ ಬದಿಯ ನೋಟ ಮಸುಕಾಗುತ್ತದೆ. ಎದುರಿಗೆ ಇರುವುದು ಕಾಣುತ್ತದೆ, ಪಕ್ಕದಿಂದ ಬರುವ ಮನುಷ್ಯ ಕಾಣುವುದಿಲ್ಲ. ಹೆಚ್ಚು ದಿನ ಒತ್ತಿದ ನರ ಆಮೇಲೆ ಗಡ್ಡೆ ತೆಗೆದರೂ ಪೂರ್ತಿ ಸುಧಾರಿಸದೆ ಇರಬಹುದು. ಬದುಕಿಗೆ ಧಕ್ಕೆ ಇಲ್ಲ ಎಂದು ಕಾಯಿಸಿದವರಿಗೆ ಹೋದದ್ದು ಕಣ್ಣು. ಭಾವನಂಥವರಿಗೆ ಮಾತು.

ಅದೂ ಅಲ್ಲದೆ ಮೂಗಿನ ದಾರಿಯ ಕಥೆ ಬೇರೆ. ಪಿಟ್ಯುಟರಿ ಗಡ್ಡೆಯನ್ನು ಹೆಚ್ಚಾಗಿ ಮೂಗಿನ ಒಳಗಿಂದಲೇ ತೆಗೆಯುತ್ತಾರೆ. ತಲೆ ತೆರೆಯಬೇಕಿಲ್ಲ. ರೋಗಿಗೆ ಇದರಷ್ಟು ಹಗುರವಾದ ದಾರಿ ಇನ್ನೊಂದಿಲ್ಲ. ಕೊರೋನಾ ವೈರಸ್ ಜಾಸ್ತಿ ಇರುವುದೂ ಮೂಗು, ಗಂಟಲಿನಲ್ಲೇ. ಅಲ್ಲಿ ಡ್ರಿಲ್ ತಿರುಗಿದರೆ ಸಣ್ಣ ಹನಿಗಳು ಗಾಳಿಗೆ ಏಳುತ್ತವೆ. ವುಹಾನ್‌ನಲ್ಲಿ ಹೀಗೆ ಆಪರೇಷನ್ ಆದ ಒಬ್ಬ ರೋಗಿಯ ನಂತರ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಹಲವರಿಗೆ ಸೋಂಕು ತಗುಲಿದ ಸುದ್ದಿ 2020ರ ಶುರುವಿನಲ್ಲೇ ವೈದ್ಯರ ನಡುವೆ ಹಬ್ಬಿತು. ಆಮೇಲೆ ಎಷ್ಟೋ ಕಡೆ ಮೂಗಿನ ದಾರಿ ಮುಚ್ಚಿತು. ಮಾಡಲೇಬೇಕಾದವರಿಗೆ ಪದೇ ಪದೇ ಟೆಸ್ಟ್, ಅಥವಾ ತಲೆ ತೆರೆದು ಮಾಡುವ ಮಾತು. ಹಗುರ ದಾರಿಯೇ ಅಪಾಯದ ದಾರಿ ಆಯಿತು.

ಆಪರೇಷನ್ ಥಿಯೇಟರ್ ಒಳಗೂ ಎಲ್ಲ ಬದಲಾಯಿತು. ಉಸಿರಾಟದ ಕೊಳವೆ ಹಾಕುವಾಗ ಬೇಕಾದವರು ಮಾತ್ರ ಒಳಗೆ. ಗಾಳಿ ಶುದ್ಧವಾಗುವ ತನಕ ಉಳಿದವರು ಹೊರಗೆ. ಎನ್95, ಅದರ ಮೇಲೆ ಇನ್ನೊಂದು ಮಾಸ್ಕ್, ಕಣ್ಣಿಗೆ ಗಾಗಲ್, ಮುಖಕ್ಕೆ ಶೀಲ್ಡ್. ಮಿದುಳಿನ ಆಪರೇಷನ್ ನಡೆಯುವುದು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು. ಗಾಗಲ್ ಹಾಕಿಕೊಂಡು, ಅದಕ್ಕೆ ಹಬೆ ಕೂತಿರುವಾಗ, ಕೂದಲೆಳೆಯಂಥ ರಕ್ತನಾಳವನ್ನು ಬಿಡಿಸುವುದು ಹೇಗೆ? ಮಾತಿನ ಜಾಗದ ಪಕ್ಕ ಗಡ್ಡೆ ಇದ್ದರೆ ರೋಗಿಯನ್ನು ಎಚ್ಚರವಾಗಿಟ್ಟು, ಚಿತ್ರ ತೋರಿಸಿ, "ಇದೇನು ಹೇಳಿ" ಎಂದು ಮಾತಾಡಿಸುತ್ತಾ ಆಪರೇಷನ್ ಮಾಡುವುದುಂಟು. ಮಾತು ತಡವರಿಸಿದ ಕಡೆ ಡಾಕ್ಟರ್ ಕೈ ನಿಲ್ಲಿಸುತ್ತಾರೆ. ಮಾತಾಡುವ ರೋಗಿ ಎಂದರೆ ಗಂಟೆಗಟ್ಟಲೆ ಎಲ್ಲರ ನಡುವೆ ಉಸಿರು ಬಿಡುವ ರೋಗಿ. ಅವರ ಬಾಯಿಗೂ ಮಾಸ್ಕ್ ಹಾಕಿದರೆ ತುಟಿ ಕಾಣುವುದಿಲ್ಲ, ತಡವರಿಸಿದ್ದು ಸರಿಯಾಗಿ ಕೇಳುವುದಿಲ್ಲ. ಹಾಕದಿದ್ದರೆ ಭಯ. ಇಂಥ ಸ್ಥಿತಿಯಲ್ಲೂ ಕೆಲಸ ಮಾಡಿದವರ ಬಗ್ಗೆ ನನಗೆ ಗೌರವ ಇದೆ. ಅದನ್ನು ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ.

ಇನ್ನು ಕಾಯುವ ಲೆಕ್ಕ. ಮಿದುಳಿನ ಗಡ್ಡೆಗಳಲ್ಲಿ ಅತಿ ಕೆಟ್ಟವುಗಳಲ್ಲಿ ಒಂದು ಗ್ಲಯೋಬ್ಲಾಸ್ಟೋಮ. ಚಿಕಿತ್ಸೆ ಶುರುವಾಗುವ ಮೊದಲು ತೆಗೆದ ಎರಡೆರಡು ಸ್ಕ್ಯಾನ್‌ಗಳನ್ನು ಪಕ್ಕದಲ್ಲಿಟ್ಟು ಇದು ಎಷ್ಟು ವೇಗವಾಗಿ ಬೆಳೆಯುತ್ತದೆ ಎಂದು ನಾರ್ವೆಯ ಸಂಶೋಧಕರು ಅಳೆದಿದ್ದರು. 2015ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಗಡ್ಡೆಯ ಗಾತ್ರ ಇಮ್ಮಡಿ ಆಗಲು ಹಿಡಿಯುವುದು ಸರಾಸರಿ ಸುಮಾರು 50 ದಿನ. ಕೆಲವರಲ್ಲಿ ಇನ್ನೂ ಬೇಗ, ಕೆಲವರಲ್ಲಿ ನಿಧಾನ.

2021ರ ಮಾರ್ಚ್‌ನಲ್ಲಿ ಕೋವಿಡ್‌ಸರ್ಜ್ ಗುಂಪಿನ ಇನ್ನೊಂದು ಅಧ್ಯಯನ ಬಂತು. 116 ದೇಶಗಳು, 1 ಲಕ್ಷ 40 ಸಾವಿರಕ್ಕೂ ಹೆಚ್ಚು ರೋಗಿಗಳು. ಕೋವಿಡ್ ಬಂದು ಹೋದವರಿಗೆ ಆಪರೇಷನ್ ಯಾವಾಗ ಮಾಡಿದರೆ ಕ್ಷೇಮ ಎಂಬುದು ಪ್ರಶ್ನೆ. ಸೋಂಕು ಇಲ್ಲದವರಲ್ಲಿ 30 ದಿನದೊಳಗಿನ ಸಾವು 1.5 ಶೇಕಡಾ. ಸೋಂಕಾಗಿ ಎರಡು ವಾರದೊಳಗೆ ಆಪರೇಷನ್ ಆದವರಲ್ಲಿ 4.1. ಐದಾರು ವಾರಕ್ಕೂ 3.6. ಏಳು ವಾರ ದಾಟಿದ ಮೇಲೆ ಮತ್ತೆ 1.5ಕ್ಕೆ ಇಳಿಯುತ್ತದೆ. ಹಾಗಾಗಿ ಸಾಧ್ಯ ಇದ್ದ ಕಡೆ ಏಳು ವಾರ ಕಾಯಿರಿ ಎಂದರು.

ಏಳು ವಾರ ಎಂದರೆ 49 ದಿನ.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ಶ್ವಾಸಕೋಶ ಸುಧಾರಿಸಲು ಬೇಕಾದಷ್ಟೇ ಸಮಯದಲ್ಲಿ ಗಡ್ಡೆ ಇಮ್ಮಡಿ ಆಗುತ್ತದೆ. ಆಪರೇಷನ್‌ಗೆ ಒಂದು ದಿನ ಮೊದಲು ಕೋವಿಡ್ ಪಾಸಿಟಿವ್ ಬಂದ ಗ್ಲಯೋಬ್ಲಾಸ್ಟೋಮ ರೋಗಿಗೆ ಯಾವ ನಿಯಮವನ್ನು ಅನ್ವಯಿಸಬೇಕು? ಅಧ್ಯಯನ ಮಾಡಿದವರೇ ಇದನ್ನು ಎಲ್ಲರಿಗೂ ಕಣ್ಣುಮುಚ್ಚಿ ಅನ್ವಯಿಸಬೇಡಿ, ತಡದಿಂದ ಆಗುವ ನಷ್ಟವನ್ನೂ ತೂಗಿ ಎಂದಿದ್ದರು. ಆ ತೂಕ ಮಾಡಬೇಕಾದದ್ದು ಮಂಚದ ಪಕ್ಕ ನಿಂತ ಡಾಕ್ಟರ್. ಕಾಯದಿದ್ದರೆ ಆಗುವ ಅಪಾಯಕ್ಕೆ ಅಂಕಿ ಇದೆ, ಕಾದರೆ ಆಗುವ ನಷ್ಟಕ್ಕೆ ಇಲ್ಲ. ಲಸಿಕೆ ಬಂದ ಮೇಲೆ, ಒಮಿಕ್ರಾನ್ ಕಾಲಕ್ಕೆ, ಏಳು ವಾರದ ಲೆಕ್ಕ ಸಡಿಲವಾಯಿತು. ಮೊದಲ ವರ್ಷದವರಿಗೆ ಆ ಭಾಗ್ಯ ಇರಲಿಲ್ಲ.

ಔಷಧದ ವಿಷಯವೂ ಹೀಗೇ ವಿಚಿತ್ರ. ಮಿದುಳಿನ ಗಡ್ಡೆ ಇರುವ ಮನೆಯಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆಯ ಹೆಸರು ಎಲ್ಲರಿಗೂ ಬಾಯಿಪಾಠ. ಗಡ್ಡೆಯ ಸುತ್ತ ಮಿದುಳು ಊದಿಕೊಂಡಿರುತ್ತದೆ. ಆ ಊತ ಇಳಿಸಲು 1960ರ ದಶಕದ ಆರಂಭದಿಂದಲೂ ಇದನ್ನೇ ಕೊಡುತ್ತಿದ್ದಾರೆ. ಮಾತ್ರೆ ಶುರುವಾದ ಒಂದೆರಡು ದಿನದಲ್ಲಿ ತಲೆನೋವು ಇಳಿದು, ಎಳೆಯುತ್ತಿದ್ದ ಕಾಲು ಸರಿಹೋಗಿ, ರೋಗವೇ ಇಲ್ಲವೇನೋ ಅನ್ನಿಸುತ್ತದೆ. ಆಪರೇಷನ್ ಮುಂದೆ ಹೋದವರನ್ನು ಈ ಮಾತ್ರೆಯ ಮೇಲೇ ನಿಲ್ಲಿಸಿದರು. ಬೇರೆ ದಾರಿಯೂ ಇರಲಿಲ್ಲ.

ಆದರೆ ವಾರಗಟ್ಟಲೆ ತಿಂದರೆ ಸಕ್ಕರೆ ಏರುತ್ತದೆ, ನಿದ್ದೆ ಹೋಗುತ್ತದೆ, ತೊಡೆಯ ಸ್ನಾಯು ಸೊರಗಿ ಕೂತಲ್ಲಿಂದ ಏಳಲು ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಸೋಂಕನ್ನು ಎದುರಿಸುವ ಶಕ್ತಿ ಕುಗ್ಗುತ್ತದೆ. ಸಾಂಕ್ರಾಮಿಕದ ನಡುವೆ ಇದಕ್ಕಿಂತ ಕೆಟ್ಟದ್ದು ಏನು ಬೇಕು? ಅಷ್ಟರಲ್ಲಿ 2020ರ ಜೂನ್ 16ರಂದು ಕೋವಿಡ್‌ಗೆ ಔಷಧಗಳನ್ನು ಪರೀಕ್ಷಿಸುತ್ತಿದ್ದ ಬ್ರಿಟನ್ನಿನ ರಿಕವರಿ ಎಂಬ ಪ್ರಯೋಗದವರು ಸುದ್ದಿ ಕೊಟ್ಟರು. ದಿನಕ್ಕೆ 6 ಮಿಲಿ ಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟರೆ ವೆಂಟಿಲೇಟರ್ ಮೇಲಿರುವ ಕೋವಿಡ್ ರೋಗಿಗಳಲ್ಲಿ ಸಾವು ಮೂರನೇ ಒಂದರಷ್ಟು ಇಳಿಯುತ್ತದೆ. ಆಮ್ಲಜನಕ ಪಡೆಯುವವರಲ್ಲಿ ಐದನೇ ಒಂದರಷ್ಟು. ಎರಡೂ ಬೇಡದವರಿಗೆ ಲಾಭ ಇಲ್ಲ. ಕೋವಿಡ್‌ನಿಂದ ಜೀವ ಉಳಿಸಿದ ಮೊದಲ ಔಷಧ ನಮ್ಮ ಮನೆಯ ಕಪಾಟಿನಲ್ಲೇ ಇತ್ತು! "ಅದೇ ಮಾತ್ರೆ ತಾನೇ, ಭಾವನಿಗೆ ಕೋವಿಡ್ ಬರುವುದಿಲ್ಲ ಬಿಡು" ಎಂದು ಬಂಧುವೊಬ್ಬರು ಧೈರ್ಯ ಹೇಳಿದರು. ಹಾಗಲ್ಲ. ಸೋಂಕಿನ ಶುರುವಿನಲ್ಲಿ ದೇಹಕ್ಕೆ ತನ್ನ ಶಕ್ತಿ ಪೂರ್ತಿ ಬೇಕು. ಸೋಂಕು ಏರಿ, ದೇಹವೇ ತನ್ನ ಶ್ವಾಸಕೋಶದ ಮೇಲೆ ತಿರುಗಿಬಿದ್ದಾಗ ಸ್ಟೀರಾಯ್ಡ್ ಕೆಲಸಕ್ಕೆ ಬರುತ್ತದೆ. ಮೊದಲಿಗೆ ಕೇಡು, ಕೊನೆಗೆ ಒಳಿತು.

ಇನ್ನೊಂದು ಸೂಕ್ಷ್ಮ ಇದೆ. ಸ್ಟೀರಾಯ್ಡ್ ತಿನ್ನುವವರಿಗೆ ಸೋಂಕಾದರೂ ಜ್ವರ ಸರಿಯಾಗಿ ಕಾಣಿಸದೆ ಇರಬಹುದು. ಪ್ರತಿ ಬಾಗಿಲಲ್ಲೂ ಹಣೆಗೆ ಹಿಡಿಯುತ್ತಿದ್ದ ಆ ಜ್ವರದ ಗನ್ ಇವರ ಮಟ್ಟಿಗೆ ಹೆಚ್ಚೇನೂ ಹೇಳುತ್ತಿರಲಿಲ್ಲ. ಹೆದರಿ ಮಾತ್ರೆ ನಿಲ್ಲಿಸಿದವರ ಪಾಡು ಇನ್ನೂ ಕಷ್ಟ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಸಿಕ್ಕಿದ ದೇಹ ತನ್ನದನ್ನು ತಯಾರಿಸುವುದನ್ನೇ ಬಿಟ್ಟಿರುತ್ತದೆ. ಒಮ್ಮೆಗೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಬರಬಹುದು. ಡಾಕ್ಟರ್ ಹೇಳಿದಂತೆ ಹಂತ ಹಂತವಾಗಿಯೇ ಇಳಿಸಬೇಕು. ಫಿಟ್ಸ್ ಮಾತ್ರೆಗಳಿಗೂ ತಮ್ಮದೇ ತಕರಾರು. 2021ರ ಕೊನೆಗೆ ಬಂದ ಪ್ಯಾಕ್ಸ್‌ಲೋವಿಡ್ ಎಂಬ ಕೋವಿಡ್ ಮಾತ್ರೆಯನ್ನು ಫೆನಿಟಾಯಿನ್, ಕಾರ್ಬಮಾಜೆಪೀನ್ ಜೊತೆ ಕೊಡುವ ಹಾಗಿಲ್ಲ.

ರೇಡಿಯೇಷನ್, ಕೀಮೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2005ರಿಂದ ಗ್ಲಯೋಬ್ಲಾಸ್ಟೋಮಕ್ಕೆ ರೂಢಿಯಾದದ್ದು ಆರು ವಾರ, 30 ಸಲದ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಎಂಬ ಕೀಮೋ ಮಾತ್ರೆ. ವಯಸ್ಸಾದವರಿಗೆ ಮೂರು ವಾರ, 15 ಸಲ ಕೊಟ್ಟರೂ ನಡೆಯುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಸಾಂಕ್ರಾಮಿಕ ಬಂದ ಮೇಲೆ ಈ ಚಿಕ್ಕ ಕ್ರಮಕ್ಕೆ ಬೇಡಿಕೆ ಬಂತು. ಅರ್ಧ ಓಡಾಟ ಉಳಿಯಿತು. ಸಾಂಕ್ರಾಮಿಕ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದರೆ ತಪ್ಪಿಲ್ಲ. ಎಂಆರ್‌ಐ ಕೋಣೆಯಲ್ಲಿ ಒಂದು ಹೊಸ ತೊಂದರೆ ಬಂತು. ಮಾಸ್ಕಿನ ಮೂಗಿನ ಭಾಗದಲ್ಲಿ ಲೋಹದ ಪಟ್ಟಿ ಇರುತ್ತದಲ್ಲ, ಅದು ಯಂತ್ರದೊಳಗೆ ಬಿಸಿಯಾಗಿ ಮುಖ ಸುಡಬಹುದು. ಹಾಗೆ ಒಬ್ಬರಿಗೆ ಸುಟ್ಟ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಕೊಡಬೇಕಾಯಿತು. ಎರಡು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್‌ಗೆ ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ.

ಈಗ ಸಾಲಿಗೇ ಬಾರದವರ ಮಾತು. ಆಸ್ಪತ್ರೆಯವರು ಸಾಲು ಮಾಡುವುದು ಬಂದವರದು. ಮನೆಯಲ್ಲೇ ಉಳಿದವರು? ತಲೆನೋವು, ಸುಸ್ತು, ವಾಸನೆ ಗೊತ್ತಾಗದಿರುವುದು. 2020ರಲ್ಲಿ ಈ ಮೂರನ್ನು ಹೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಕೋವಿಡ್. ಮೂಗಿನ ಮೇಲ್ಭಾಗದ ಹತ್ತಿರ, ವಾಸನೆಯ ನರದ ಜಾಗದಲ್ಲಿ ಬೆಳೆಯುವ ಮೆನಿಂಜಿಯೋಮ ಕೂಡ ವಾಸನೆ ಕಳೆಯುತ್ತದೆ, ತಲೆನೋವು ತರುತ್ತದೆ, ಮನುಷ್ಯನನ್ನು ಮಂಕು ಮಾಡುತ್ತದೆ. ಮನೆಯಲ್ಲಿ ಕೂತು ಬೇಜಾರಾಗಿದೆ, ಅದಕ್ಕೇ ಹೀಗೆ ಮಂಕಾಗಿದ್ದಾರೆ ಎಂದುಕೊಂಡ ಮನೆಗಳು ಎಷ್ಟಿದ್ದವೋ. ಎಲ್ಲರೂ ಬೇಜಾರಾಗಿದ್ದ ವರ್ಷದಲ್ಲಿ ಒಬ್ಬರ ಬೇಜಾರು ಕಾಯಿಲೆ ಎಂದು ಗುರುತಿಸುವುದು ಹೇಗೆ? ಆಸ್ಪತ್ರೆಗೆ ಹೋದರೆ ಕೋವಿಡ್ ಅಂಟುತ್ತದೆ ಎಂಬ ಭಯ ಬೇರೆ. ಫಿಟ್ಸ್ ಬಂದ ಮೇಲೆ, ಕೈ ಬಿದ್ದ ಮೇಲೆ ಬಂದವರಿಗೆ ಆಪರೇಷನ್ ತುರ್ತಾಗಿ ಆಗಿರಬಹುದು. ಕಾಗದದ ಮೇಲೆ ಅವರಿಗೆ ತಡವೇ ಆಗಲಿಲ್ಲ.

ನನ್ನ ಕೋಪ ಉಳಿದದ್ದು ಇದಕ್ಕೆ ಹತ್ತಿರದ ಒಂದು ವಿಷಯದಲ್ಲಿ. ಮಿದುಳಿನ ರೋಗಿಯ ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಮೊದಲು ಗೊತ್ತಾಗುವುದು ಸ್ಕ್ಯಾನ್ ಯಂತ್ರಕ್ಕಲ್ಲ, ಜೊತೆಯಲ್ಲಿ ಬದುಕುವವರಿಗೆ. ಹೊಟ್ಟೆನೋವಿನ ರೋಗಿ ತನ್ನ ನೋವನ್ನು ತಾನೇ ಹೇಳಬಲ್ಲ. ಮಿದುಳೇ ಕೆಟ್ಟಾಗ ಹೇಳುವವರು ಯಾರು? ಮಿದುಳಿನ ಮುಂಭಾಗದಲ್ಲಿ ಗಡ್ಡೆ ಇರುವವರು "ನನಗೇನೂ ಆಗಿಲ್ಲ" ಎಂದೇ ಹೇಳುತ್ತಾರೆ, ಅವರಿಗೆ ಹಾಗೇ ಅನ್ನಿಸುತ್ತದೆ. ಮಾತು ಹೋದವರು ಹೇಳಲಾರರು. ಸಾಂಕ್ರಾಮಿಕದಲ್ಲಿ ಮೊದಲು ಹೊರಗೆ ಹಾಕಿದ್ದು ಜೊತೆಯವರನ್ನು.

ಭಾವನ ಆಪರೇಷನ್‌ಗೆ ಕೊನೆಗೂ ಕರೆ ಬಂದಾಗ ಅಕ್ಕನಿಗೆ ವಾರ್ಡಿನ ಒಳಗೆ ಬಿಡಲಿಲ್ಲ. ನಿಯಮ ಎಲ್ಲರಿಗೂ ಒಂದೇ, ನರ್ಸ್ ಹೇಳಿದ್ದೂ ಮೆತ್ತಗೇ. ವಿಡಿಯೋ ಕಾಲ್ ಮಾಡಿಸುತ್ತೇವೆ ಎಂದರು. ಹೆಸರುಗಳು ಸಿಗದ ಮನುಷ್ಯನಿಗೆ ಫೋನ್ ಎಂದರೆ ಹಿಂಸೆ. ಎದುರಿಗಿದ್ದರೆ ಕೈ ತೋರಿಸುತ್ತಿದ್ದರು, ಮುಖ ನೋಡಿ ಅಕ್ಕ ಅರ್ಥ ಮಾಡಿಕೊಳ್ಳುತ್ತಿದ್ದಳು. ಪರದೆಯಲ್ಲಿ ಎಲ್ಲ ಮಾಸ್ಕ್. ಅಕ್ಕ ಒಂದು ಹಾಳೆಯ ಮೇಲೆ ಬರೆದು ಒಳಗೆ ಕಳಿಸಿದಳು. ಕನ್ನಡಕ ಅಂದರೆ ಬಹಳ ಸಲ ನೀರು ಬೇಕು ಎಂದರ್ಥ. ಬೆಳಿಗ್ಗೆ ಮಾತು ಚೆನ್ನಾಗಿರುತ್ತದೆ, ಸಂಜೆ ಕೆಡುತ್ತದೆ. ಸಿಟ್ಟು ಮಾಡಿದರೆ ಅದು ಸಿಟ್ಟಲ್ಲ, ಮಾತು ಸಿಗದ ಚಡಪಡಿಕೆ. ಹೌದು, ಇಲ್ಲ ಎಂಬುದನ್ನು ಒಮ್ಮೊಮ್ಮೆ ಅದಲು ಬದಲು ಹೇಳುತ್ತಾರೆ, ಎರಡು ಸಲ ಕೇಳಿ. ಕೊನೆಯದನ್ನು ಗಮನಿಸಿ. ಆಪರೇಷನ್‌ಗೆ ಒಪ್ಪಿಗೆ ಕೇಳುವುದು, ನೋವಿದೆಯಾ ಎಂದು ಕೇಳುವುದು, ಎಲ್ಲಕ್ಕೂ ಉತ್ತರ ಈ ಎರಡು ಮಾತೇ ತಾನೇ. ಈ ಹಾಳೆಯಲ್ಲಿ ಇದ್ದದ್ದು ಯಾವ ಕೇಸ್ ಫೈಲಿನಲ್ಲೂ ಇರಲಿಲ್ಲ. ಮಾರನೆಯ ದಿನ ಪಾಳಿ ಬದಲಾದಾಗ ಹಾಳೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ಸೋಂಕು ತಡೆಯಲು ಜನ ಕಡಿಮೆ ಮಾಡಬೇಕಿತ್ತು, ಸರಿ. ಆದರೆ ಮಿದುಳಿನ ರೋಗಿಯ ಜೊತೆಗಿರುವ ಒಬ್ಬರನ್ನು ಬಂಧು ಎಂದು ಲೆಕ್ಕ ಹಾಕಿದ್ದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಅವರನ್ನು ಚಿಕಿತ್ಸೆಯ ಭಾಗ ಎಂದು ಲೆಕ್ಕ ಹಾಕಬೇಕಿತ್ತು. ಟೆಸ್ಟ್ ಮಾಡಿ, ಕಿಟ್ ಕೊಟ್ಟು, ಒಬ್ಬರನ್ನು ಒಳಗೆ ಇಟ್ಟುಕೊಳ್ಳಬಹುದಿತ್ತು. ಹೆರಿಗೆಗೆ ಎಷ್ಟೋ ಕಡೆ ಹಾಗೆ ಮಾಡಿದರು. ಮಾತು ಬಾರದವರಿಗೆ ಯಾಕೆ ಆಗಲಿಲ್ಲ?

ಭಾವನ ಆಪರೇಷನ್ ಚೆನ್ನಾಗಿಯೇ ಆಯಿತು. ಮಾತು ಪೂರ್ತಿ ಮರಳಲಿಲ್ಲ. ಕಾದದ್ದರಿಂದ ಹೀಗಾಯಿತಾ, ಗಡ್ಡೆ ಇದ್ದ ಜಾಗಕ್ಕೆ ಹೇಗಿದ್ದರೂ ಹೀಗಾಗುತ್ತಿತ್ತಾ? ಡಾಕ್ಟರನ್ನು ಕೇಳಿದೆವು. ಹೇಳಲು ಬರುವುದಿಲ್ಲ ಎಂದರು, ಪ್ರಾಮಾಣಿಕ ಉತ್ತರ. ವೈರಸ್‌ಗೆ ಸತ್ತವರ ಎಣಿಕೆ ದಿನಾ ಟಿವಿಯಲ್ಲಿ ಬರುತ್ತಿತ್ತು. ರದ್ದಾದ ಆಪರೇಷನ್‌ಗಳ ಅಂದಾಜೂ ಸಿಕ್ಕಿತು. ಕಾಯುತ್ತಾ ಕೂತಾಗ ಹೋದ ಮಾತು, ನೋಟ, ಬಲಗೈಯ ಬರಹ, ಇವುಗಳ ಲೆಕ್ಕ ಯಾರ ಹತ್ತಿರವೂ ಇಲ್ಲ. ಅದಕ್ಕೆ ಕಾರಣ, ಆ ವಾರಗಳಲ್ಲಿ ಅದನ್ನು ಕಣ್ಣಾರೆ ಕಂಡವರನ್ನು ಯಾರೂ ಕೇಳಲಿಲ್ಲ.

ಕೇಳಲು ದೊಡ್ಡ ವ್ಯವಸ್ಥೆಯೇನೂ ಬೇಕಿರಲಿಲ್ಲ. ಕಾಯುವ ಪಟ್ಟಿಯಲ್ಲಿ ಇರುವವರ ಮನೆಗೆ ವಾರಕ್ಕೊಂದು ಫೋನ್. ರೋಗಿಗಲ್ಲ, ಜೊತೆಗಿರುವವರಿಗೆ. ಕಳೆದ ವಾರಕ್ಕಿಂತ ತಲೆನೋವು ಜಾಸ್ತಿ ಆಗಿದೆಯಾ, ಬೆಳಿಗ್ಗೆ ಎದ್ದ ಕೂಡಲೇ ವಾಂತಿ ಆಗುತ್ತಿದೆಯಾ? ಮೊದಲಿಗಿಂತ ಹೆಚ್ಚು ನಿದ್ದೆ ಮಾಡುತ್ತಿದ್ದಾರಾ? ನಡೆಯುವಾಗ ಒಂದು ಕಡೆ ವಾಲುತ್ತಾರಾ, ಬಾಗಿಲ ಚೌಕಟ್ಟಿಗೆ ಒಂದೇ ಭುಜ ತಗುಲುತ್ತಿದೆಯಾ? ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಾರಾ? ನಿಮ್ಮ ಹೆಸರು ಹಿಡಿದು ಕರೆದದ್ದು ಯಾವಾಗ? ಇಷ್ಟು ಕೇಳಿ, ಉತ್ತರವನ್ನು ಆ ಸಾಲಿನ ಪಟ್ಟಿಯ ಪಕ್ಕದಲ್ಲಿ ಬರೆದು, ಕೆಟ್ಟಿದ್ದರೆ ಹೆಸರನ್ನು ಮೇಲಕ್ಕೆ ತರಬೇಕು. ಮುಂದಿನ ಸಲಕ್ಕೆ ಈ ಫೋನ್ ಮಾಡುವವರು ಯಾರು ಎಂದು ಆಸ್ಪತ್ರೆಗಳು ಈಗಲೇ ಗೊತ್ತು ಮಾಡಿಕೊಂಡರೆ ಒಳ್ಳೆಯದು. ಅದಕ್ಕೆ ಡಾಕ್ಟರೇ ಬೇಕೆಂದಿಲ್ಲ.